ಎಮು ಹಕ್ಕಿಯನ್ನು ಅರಿಯೋಣ



ಎಮು ಸಾಕಿದರೆ ಕೈತುಂಬ ಹಣ ಎಂಬ ಮಾತು ಕೆಲವು ವರ್ಷ ತಮಿಳುನಾಡು, ಆಂಧ್ರಗಳಲ್ಲಿ ಮಾತ್ರವಲ್ಲ, ನಮ್ಮ ಕರ್ನಾಟಕದಲ್ಲೂ ಓಡಾಡಿತು. ಕಂತು ಎಷ್ಟು, ಲಾಭ ಎಷ್ಟು ಎಂದು ಎಲ್ಲರೂ ಕೇಳಿದರು. ಹಕ್ಕಿ ಎಂಥದ್ದು ಎಂದು ಕೇಳಿದವರು ಕಡಿಮೆ. ನಾವು ಹಕ್ಕಿಯಿಂದಲೇ ಶುರು ಮಾಡೋಣ.

ಎಮು ಆಸ್ಟ್ರೇಲಿಯಾದ ಹಕ್ಕಿ. ಆ ದೇಶದ ಲಾಂಛನದಲ್ಲಿ ಕಾಂಗರೂ ಎದುರಿಗೆ ನಿಂತಿರುವುದು ಇದೇ. ಎತ್ತರದಲ್ಲಿ ಉಷ್ಟ್ರಪಕ್ಷಿಯನ್ನು ಬಿಟ್ಟರೆ ಇದಕ್ಕೇ ಎರಡನೇ ಸ್ಥಾನ. ಬೆಳೆದ ಹಕ್ಕಿ 5ರಿಂದ 6 ಅಡಿ ಇರುತ್ತದೆ, ತೂಕ 30ರಿಂದ 45 ಕಿಲೋ. ರೆಕ್ಕೆ ಒಂದು ಗೇಣು ಮಾತ್ರ, ಪುಕ್ಕದೊಳಗೆ ಅಡಗಿರುತ್ತೆ, ಹಾರಲು ಬರುವುದಿಲ್ಲ. ಒಂದೇ ಬುಡದಿಂದ ಎರಡು ಗರಿ ಹೊರಡುವುದು ಇದರ ವಿಶೇಷ. ಹಾಗಾಗಿ ಮೈಮೇಲೆ ಒಣಹುಲ್ಲು ಹೊದಿಸಿದಂತೆ ಕಾಣುತ್ತದೆ. ಕುತ್ತಿಗೆಯ ಚರ್ಮ ನೀಲಿ, ಕಾಲಿಗೆ ಮೂರು ಬೆರಳು. ಗಂಟೆಗೆ ಸುಮಾರು 50 ಕಿ.ಮೀ. ಓಡಬಲ್ಲದು.

ಗಂಡು ಯಾವುದು, ಹೆಣ್ಣು ಯಾವುದು ಎಂದು ನೋಡಿ ಹೇಳುವುದು ಕಷ್ಟ. ದೊಡ್ಡದಾದ ಮೇಲೆ ದನಿಯಿಂದ ತಿಳಿಯುತ್ತದೆ: ಹೆಣ್ಣಿನ ಗಂಟಲಲ್ಲಿ ಗಾಳಿ ತುಂಬುವ ಚೀಲವಿದೆ, ಅದು ದೂರದಲ್ಲಿ ಡೋಲು ಬಾರಿಸಿದಂತೆ ಕೂಗುತ್ತೆ, ಗಂಡು ಬರೀ ಗುರುಗುಟ್ಟುತ್ತೆ. ಅಂದ ಮೇಲೆ ಎರಡು ಮರಿ ತೋರಿಸಿ ‘ಜೋಡಿ’ ಎಂದರೆ ನಂಬುವುದು ಹೇಗೆ?

ಇದು ಒಂದೇ ಕಡೆ ನಿಲ್ಲುವ ಜೀವಿಯಲ್ಲ. ಮಳೆ ಬಿದ್ದ ಕಡೆ ಮೇವು ಹುಡುಕುತ್ತ ನೂರಾರು ಕಿ.ಮೀ. ನಡೆಯುತ್ತದೆ. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಹೊಲಗಳಿಗೆ ಸಾವಿರಾರು ಎಮುಗಳು ನುಗ್ಗಿದಾಗ ಸರ್ಕಾರ ಮೆಷಿನ್ ಗನ್ ಕೊಟ್ಟು ಸೈನಿಕರನ್ನೇ ಕಳಿಸಿತು. ಹಕ್ಕಿಗಳು ಚಿಕ್ಕ ಚಿಕ್ಕ ಗುಂಪಾಗಿ ಚದುರಿಬಿಟ್ಟವು, ಸೈನಿಕರು ಸೋತು ವಾಪಸಾದರು! ಚಿಗುರು, ಬೀಜ, ಹಣ್ಣು, ಮಿಡತೆ, ಕಂಬಳಿಹುಳ ಇದರ ಆಹಾರ. ಅರೆಯಲು ಹಲ್ಲಿಲ್ಲ, ಅದಕ್ಕೆ ಕಲ್ಲು ನುಂಗುತ್ತದೆ. ಹೊಳೆಯುವ ಮೊಳೆ, ಗಾಜಿನ ಚೂರು ಕಂಡರೂ ಬಿಡುವುದಿಲ್ಲ.

ಮಹಿಳಾ ಸಂಘದ ಸಭೆಗಳಲ್ಲಿ ಎಲ್ಲರಿಗೂ ಇಷ್ಟವಾಗುವ ಭಾಗ ಇನ್ನು ಮುಂದಿದೆ. ಹೆಣ್ಣು ಕಡುಹಸಿರು ಮೊಟ್ಟೆಗಳನ್ನಿಟ್ಟು ತನ್ನ ದಾರಿ ಹಿಡಿಯುತ್ತದೆ, ಕೆಲವೊಮ್ಮೆ ಬೇರೆ ಗಂಡಿನ ಜೊತೆಗೂ. ಕಾವು ಕೂರುವುದು ಗಂಡು. ಸುಮಾರು ಎಂಟು ವಾರ ಹೆಚ್ಚುಕಡಿಮೆ ಉಪವಾಸ. ಮೈಯ ಮೂರನೇ ಒಂದು ಭಾಗ ತೂಕವೇ ಇಳಿದುಹೋಗುತ್ತೆ. ಮೈಮೇಲೆ ಪಟ್ಟೆಯಿರುವ ಮರಿಗಳನ್ನು ಆಮೇಲೆ ತಿಂಗಳುಗಟ್ಟಲೆ ಕಾಯುವವನೂ ಅಪ್ಪನೇ. ‘ನಮ್ಮ ಮನೆಯವರಿಗೂ ಇದನ್ನು ಓದಿ ಹೇಳಿ ಸಿಸ್ಟರ್’ ಅನ್ನುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಮೊಟ್ಟೆ ಇಡುವುದು ಚಳಿಯ ತಿಂಗಳುಗಳಲ್ಲಿ ಮಾತ್ರ, ಅದೂ ಹಕ್ಕಿಗೆ ಒಂದೂವರೆ ಎರಡು ವರ್ಷ ಆದ ಮೇಲೆ. ಅಲ್ಲಿಯವರೆಗೆ ದಿನವೂ ತಿಂಡಿ ಹಾಕಲೇಬೇಕು. ಮಾಂಸ, ಎಣ್ಣೆ, ಚರ್ಮ ಎಲ್ಲದಕ್ಕೂ ಬೇಡಿಕೆ ಇದೆ ಎಂದರು. ನಮ್ಮ ಸಂತೆಗಳಲ್ಲಿ ಕೊಳ್ಳುವವರೇ ಇರಲಿಲ್ಲ. ಹಣ ಹುಟ್ಟುತ್ತಿದ್ದುದು ಹೊಸಬರಿಗೆ ಮರಿ ಮಾರಿ, ಹೊಸಬರ ಠೇವಣಿಯಿಂದ. ಹೊಸಬರು ನಿಂತರು, ಎಲ್ಲ ನಿಂತಿತು. 2012ರ ಆಗಸ್ಟಿನಲ್ಲಿ ಈರೋಡ್ ಜಿಲ್ಲೆಯ ಪೆರುಂದುರೈಯಲ್ಲಿ ಇಂಥ ವ್ಯವಹಾರ ಕುಸಿದಾಗ ಸಾವಿರಾರು ಜನರ ಠೇವಣಿ ಸಿಕ್ಕಿಬಿತ್ತು. ಹಸಿದ ಹಕ್ಕಿಗಳಿಗೆ ಸರ್ಕಾರವೇ ಮೇವು ಹಾಕಬೇಕಾಯಿತು. ನಡೆಯಲೆಂದೇ ಹುಟ್ಟಿದ ಹಕ್ಕಿ ಬೇಲಿಯೊಳಗೆ ಹಸಿದು ನಿಂತದ್ದು ನಮಗೆ ಹಣ ಹೋದಷ್ಟೇ ನೋವಿನ ಸಂಗತಿ.

ಯಾರ ಮನೆಯಲ್ಲಾದರೂ ಈಗಲೂ ಎಮು ಇದ್ದರೆ ಅದಕ್ಕೆ ಓಡಾಡಲು ಉದ್ದನೆಯ ಜಾಗ ಬಿಡಿ. ಬೇಲಿ ಆರಡಿ ಇರಲಿ. ಬೇಲಿ ಕಟ್ಟಿದ ಮೇಲೆ ಉಳಿದ ತಂತಿ ತುಂಡು, ಮೊಳೆಗಳನ್ನು ಆರಿಸಿ ತೆಗೆಯಿರಿ. ಬೇಸಿಗೆಯಲ್ಲಿ ನೀರು, ನೆರಳು ತಪ್ಪಬಾರದು. ಹಿಡಿಯುವಾಗ ಎದುರಿಗೆ ನಿಲ್ಲಬೇಡಿ, ಅದು ಮುಂದಕ್ಕೆ ಒದೆಯುತ್ತೆ. ಪಕ್ಕದಿಂದ ಹೋಗಿ ಎರಡೂ ರೆಕ್ಕೆಗಳನ್ನು ಹಿಡಿದು ಮೈಗೆ ಒತ್ತಿಕೊಳ್ಳಿ. ಮಕ್ಕಳನ್ನು ಈ ಕೆಲಸಕ್ಕೆ ಕಳಿಸಬೇಡಿ.