ವಿಮಾನದೊಳಗಿನ ಹಾಸಿಗೆ: ಸ್ಥಳದ ಗಳಿಕೆಯ ಒಂದು ಪಾಠ

ವ್ಯಾಪಾರದಲ್ಲಿ ಬಂಡವಾಳದಷ್ಟೇ ಬೆಲೆಯುಳ್ಳ ಮತ್ತೊಂದು ಸಂಪನ್ಮೂಲವೆಂದರೆ ಸ್ಥಳ. ಅಂಗಡಿಯ ಮುಂಗಟ್ಟು, ಕಾರ್ಖಾನೆಯಲ್ಲಿ ಯಂತ್ರ ನಿಲ್ಲುವ ನೆಲ, ಉಗ್ರಾಣದ ಕಪಾಟು ಇವೆಲ್ಲವೂ ಮಿತವಾದವು. ಆದರೂ ಅಂಗಡಿಯ ಮಾಲೀಕರು ಅಗತ್ಯ ಬಿದ್ದಾಗ ಪಕ್ಕದ ಮಳಿಗೆಯನ್ನು ಬಾಡಿಗೆಗೆ ಹಿಡಿಯಬಹುದು. ವಿಮಾನ ಸಂಸ್ಥೆಗೆ ಆ ಅವಕಾಶವಿಲ್ಲ. ವಿಮಾನದ ಉದ್ದಗಲಗಳು ಅದು ಕಾರ್ಖಾನೆಯಿಂದ ಹೊರಬಂದ ದಿನವೇ ನಿಶ್ಚಿತವಾಗಿರುತ್ತವೆ. ಮುಂದಿನ ಎರಡು ದಶಕಗಳ ಕಾಲ ಅಷ್ಟೇ ನೆಲದಿಂದ ಸಂಸ್ಥೆಯು ಗಳಿಸಬೇಕು. ಇಂತಹ ಇಕ್ಕಟ್ಟಿನಲ್ಲಿ ಒಬ್ಬ ಪ್ರಯಾಣಿಕನಿಗೆ ಕಾಲು ಚಾಚಿ ಮಲಗಲು ಪೂರ್ಣ ಹಾಸಿಗೆಯನ್ನೇ ಒದಗಿಸುವುದು ಮೇಲ್ನೋಟಕ್ಕೆ ದುಂದುಗಾರಿಕೆಯಂತೆ ತೋರುತ್ತದೆ. ಆದರೂ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ದೂರದ ಮಾರ್ಗಗಳ ಬಹುತೇಕ ದೊಡ್ಡ ಸಂಸ್ಥೆಗಳು ಈ ದಾರಿಯನ್ನೇ ಹಿಡಿದಿವೆ. ಇದರ ಹಿಂದಿನ ಲೆಕ್ಕಾಚಾರವು ವರ್ತಕರಿಗೂ ಸಣ್ಣ ತಯಾರಕರಿಗೂ ಅಧ್ಯಯನಯೋಗ್ಯವಾಗಿದೆ.

ಗ್ರಾಹಕನು ಕೊಳ್ಳುವುದೇನು?

ಹಿಂದೆ ಬಿಸಿನೆಸ್ ದರ್ಜೆಯ ಆಸನವೆಂದರೆ ಹಿಂದಕ್ಕೆ ಬಾಗುವ, ಕಾಲಿಗೆ ಆಸರೆಯುಳ್ಳ ಅಗಲವಾದ ಕುರ್ಚಿ. ಅದರಲ್ಲಿ ಆರಾಮವಿತ್ತು, ಗಾಢನಿದ್ರೆ ಇರಲಿಲ್ಲ. ಮುಂದೆ ಕೆಲವು ಸಂಸ್ಥೆಗಳು ಓರೆಯಾಗಿ ಚಪ್ಪಟೆಯಾಗುವ ಆಸನಗಳನ್ನು ತಂದವು. ಆದರೆ ಇಳಿಜಾರಿನ ಹಲಗೆಯ ಮೇಲೆ ಮಲಗಿದವರು ನಿದ್ರೆಯಲ್ಲಿ ಕಾಲಿನ ಕಡೆಗೆ ಜಾರುತ್ತಿದ್ದರು. ನೆಲಕ್ಕೆ ಸಮಾನಾಂತರವಾಗಿ, ಪೂರ್ಣ 180 ಡಿಗ್ರಿಗೆ ಬಿಚ್ಚಿಕೊಳ್ಳುವ ಆಸನವೇ ನಿಜವಾದ ಸಮತಲ ಆಸನ.

ಬ್ರಿಟಿಷ್ ಏರ್‌ವೇಸ್ ಸಂಸ್ಥೆಯು ಇಂತಹ ಹಾಸಿಗೆಯನ್ನು 1990ರ ದಶಕದ ಮಧ್ಯಭಾಗದಲ್ಲಿ ಪ್ರಥಮ ದರ್ಜೆಗೆ ತಂದಿತು. 2000ದಲ್ಲಿ ಬಿಸಿನೆಸ್ ದರ್ಜೆಗೂ ವಿಸ್ತರಿಸಿತು. ಬಿಸಿನೆಸ್ ದರ್ಜೆಯಲ್ಲಿ ಪೂರ್ಣ ಸಮತಲ ಹಾಸಿಗೆ ಬಂದದ್ದು ಅದೇ ಮೊದಲು. ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗಿ ವ್ಯವಹಾರ ಮುಗಿಸಿ, ರಾತ್ರಿಯ ವಿಮಾನದಲ್ಲಿ ಮರಳಿ, ಬೆಳಿಗ್ಗೆ ನೇರವಾಗಿ ಕಚೇರಿಗೆ ತೆರಳುವ ಪ್ರಯಾಣಿಕನೇ ಈ ದರ್ಜೆಯ ಮುಖ್ಯ ಗ್ರಾಹಕ. ಅವನು ಹೆಚ್ಚಿನ ಹಣ ತೆರುತ್ತಿದ್ದುದು ಮೆತ್ತನೆಯ ದಿಂಬಿಗಲ್ಲ, ಮರುದಿನದ ಕೆಲಸದ ದಿನಕ್ಕೆ. ಹಗಲಿನ ಪ್ರಯಾಣದಲ್ಲಿ ಅದೇ ಹಾಸಿಗೆಯ ಬೆಲೆ ಅವನ ಪಾಲಿಗೆ ಬಹಳಷ್ಟು ಕಡಿಮೆಯಾಗುತ್ತದೆ.

ವಿದೇಶಕ್ಕೆ ತೆರಳುವ ನಮ್ಮ ರಫ್ತುದಾರರೂ ಇದೇ ಅಳತೆಗೋಲನ್ನು ಬಳಸಬಹುದು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರಿನ ನಡುವೆ ನೇರ ಹಾರಾಟವನ್ನು ಆರಂಭಿಸಿದಾಗ ಮಾರ್ಗದ ದೂರ ಸುಮಾರು 14 ಸಾವಿರ ಕಿಲೋಮೀಟರ್ ಆಗಿತ್ತು. ಇಷ್ಟು ದೂರದ ಪ್ರಯಾಣದ ನಂತರ ಇಳಿದ ದಿನವೇ ಮಾತುಕತೆಗೆ ಕೂರಬೇಕಾದವರು ದರದ ವ್ಯತ್ಯಾಸವನ್ನು ಒಂದು ರಾತ್ರಿಯ ಹೋಟೆಲ್ ಬಾಡಿಗೆ ಮತ್ತು ಉಳಿಯುವ ಒಂದು ದಿನದ ಬೆಲೆಯೊಂದಿಗೆ ತೂಗಿ ನೋಡಬೇಕು. ಮಾತುಕತೆ ಮೂರನೆಯ ದಿನವಿದ್ದರೆ ಹಾಸಿಗೆಯ ಖರ್ಚಿಗೆ ವ್ಯಾವಹಾರಿಕ ಸಮರ್ಥನೆ ದೊರೆಯುವುದು ಕಷ್ಟ.

ನೆಲದ ಲೆಕ್ಕ

ಇನ್ನು ಮಾರುವವರ ಕಡೆಯ ಲೆಕ್ಕವನ್ನು ನೋಡೋಣ. ಒಂದು ಕಲ್ಪಿತ ಉದಾಹರಣೆ: ಅಗಲವಾದ ವಿಮಾನವೊಂದರಲ್ಲಿ 600 ಇಂಚು, ಅಂದರೆ 50 ಅಡಿ ಉದ್ದದ ಜಾಗವಿದೆ ಎಂದಿಟ್ಟುಕೊಳ್ಳೋಣ.

1. ಎಕಾನಮಿ ದರ್ಜೆ: 32 ಇಂಚಿಗೆ ಒಂದು ಸಾಲು, ಸಾಲಿಗೆ 10 ಆಸನ. 18 ಸಾಲುಗಳಿಂದ 180 ಆಸನ.
2. ಹಳೆಯ ಮಾದರಿಯ ಬಾಗುವ ಕುರ್ಚಿ: 50 ಇಂಚಿಗೆ ಒಂದು ಸಾಲು, ಸಾಲಿಗೆ 7 ಆಸನ. 12 ಸಾಲುಗಳಿಂದ 84 ಆಸನ.
3. ಎಲ್ಲರೂ ಮುಂದಕ್ಕೆ ಮುಖ ಮಾಡಿರುವ ಸಾದಾ ಹಾಸಿಗೆ: 75 ಇಂಚಿಗೆ ಒಂದು ಸಾಲು, ಸಾಲಿಗೆ 6 ಆಸನ. 8 ಸಾಲುಗಳಿಂದ 48 ಆಸನ.
4. ಎದುರು ಬದುರಾಗಿ ಹೆಣೆದ ಹಾಸಿಗೆ: 75 ಇಂಚಿಗೆ ಒಂದು ಸಾಲು, ಸಾಲಿಗೆ 8 ಆಸನ. 8 ಸಾಲುಗಳಿಂದ 64 ಆಸನ.

ಮೂರನೆಯ ಮತ್ತು ನಾಲ್ಕನೆಯ ಸಾಲಿನ ನಡುವಣ 16 ಆಸನಗಳ ಅಂತರದಲ್ಲಿಯೇ 2000ದ ವಿನ್ಯಾಸದ ಜಾಣ್ಮೆ ಅಡಗಿದೆ. ಮನುಷ್ಯನ ದೇಹ ಭುಜದ ಬಳಿ ಅಗಲ, ಪಾದದ ಬಳಿ ಕಿರಿದು. ಲಂಡನ್ನಿನ ಟ್ಯಾಂಜರೀನ್ ಎಂಬ ವಿನ್ಯಾಸ ಸಂಸ್ಥೆಯು ಅಕ್ಕಪಕ್ಕದ ಇಬ್ಬರನ್ನು ವಿರುದ್ಧ ದಿಕ್ಕಿಗೆ ಮುಖ ಮಾಡಿ ಕೂರಿಸಿತು. ಒಬ್ಬರ ಭುಜದ ಪಕ್ಕಕ್ಕೆ ಇನ್ನೊಬ್ಬರ ಪಾದ ಬಂದುದರಿಂದ ಅಗಲದಲ್ಲಿ ಉಳಿತಾಯವಾಯಿತು. ಬ್ರಿಟಿಷ್ ಏರ್‌ವೇಸ್ ತನ್ನ ಬೋಯಿಂಗ್ 747 ವಿಮಾನಗಳಲ್ಲಿ ಸಾಲಿಗೆ ಎಂಟು ಹಾಸಿಗೆಗಳನ್ನು ಕೂರಿಸಲು ಸಾಧ್ಯವಾದದ್ದು ಹೀಗೆ. ಪೆಟ್ಟಿಗೆಯಲ್ಲಿ ಬಾಟಲಿಗಳನ್ನು ಒಂದು ನೇರ, ಒಂದು ತಲೆಕೆಳಗು ಮಾಡಿ ಜೋಡಿಸುವವರಿಗೆ ಈ ತತ್ತ್ವ ಹೊಸದೇನಲ್ಲ.

ಮೇಲಿನ ಉದಾಹರಣೆಯಲ್ಲಿ ಎಕಾನಮಿ ಆಸನದ ದರ 100 ರೂಪಾಯಿ ಎಂದುಕೊಂಡರೆ, ಪೂರ್ಣ ತುಂಬಿದಾಗ ಆ ಜಾಗದ ಗಳಿಕೆ 18,000 ರೂಪಾಯಿ. 64 ಹಾಸಿಗೆಗಳಿಂದ ಅಷ್ಟೇ ಗಳಿಸಬೇಕಾದರೆ ಪ್ರತಿ ಹಾಸಿಗೆಯ ದರ ಸುಮಾರು 281 ರೂಪಾಯಿ ಇರಬೇಕು. ಹಾಸಿಗೆಗಳಲ್ಲಿ ಮುಕ್ಕಾಲು ಪಾಲು, ಅಂದರೆ 48 ಮಾತ್ರ ಮಾರಾಟವಾದರೆ ದರ 375 ರೂಪಾಯಿಗೆ ಏರಬೇಕು. ಊಟ, ಸಿಬ್ಬಂದಿ, ಆಸನದ ಹೆಚ್ಚಿನ ತೂಕಕ್ಕೆ ಸುಡುವ ಇಂಧನ ಇವುಗಳ ವೆಚ್ಚ ಪ್ರತ್ಯೇಕ. ಆದುದರಿಂದ ಮೇಲಿನ ದರ್ಜೆಯ ದರ ಕೆಳಗಿನದರ ಮೂರು ನಾಲ್ಕು ಪಟ್ಟು ಇರುವುದರಲ್ಲಿ ಲಾಭಕೋರತನಕ್ಕಿಂತ ನೆಲದ ಅಂಕಗಣಿತವೇ ಹೆಚ್ಚು.

ಖಾಲಿ ಆಸನವನ್ನು ತೆಗೆದರೆ ನಷ್ಟವೇ?

ಹಳೆಯ 84 ಕುರ್ಚಿಗಳನ್ನು ಕಿತ್ತು 64 ಹಾಸಿಗೆಗಳನ್ನು ಹಾಕಿದಾಗ 20 ಆಸನಗಳು ಕಡಿಮೆಯಾಗುತ್ತವೆ. ಇಲ್ಲಿ ಅನೇಕ ಉದ್ಯಮಿಗಳು ಎಡವುತ್ತಾರೆ. ಪ್ರತಿ ಹಾರಾಟದಲ್ಲಿ ಸರಾಸರಿ 50 ಪ್ರಯಾಣಿಕರು ಮಾತ್ರ ಬರುತ್ತಿದ್ದರೆ, 84 ಕುರ್ಚಿಗಳಲ್ಲಿ 34 ಖಾಲಿಯೇ ಹೋಗುತ್ತಿದ್ದವು. 64 ಹಾಸಿಗೆಗಳಿದ್ದರೂ ಆ 50 ಮಂದಿಗೆ ಜಾಗವಿದೆ. ಮೇಲೆ 14 ಉಳಿಯುತ್ತವೆ. ಸಾಮಾನ್ಯ ದಿನಗಳಲ್ಲಿ ಬಿಟ್ಟುಕೊಟ್ಟದ್ದು ಖಾಲಿ ಆಸನಗಳನ್ನು ಮಾತ್ರ. ಬೇಡಿಕೆ 64ನ್ನು ಮೀರುವ ದಿನಗಳಲ್ಲಿ ಮಾತ್ರ ನಿಜವಾದ ನಷ್ಟ. ಅಂತಹ ದಿನಗಳು ವರ್ಷಕ್ಕೆ ಎಷ್ಟು ಎಂಬ ದಾಖಲೆ ಇಲ್ಲದೆ ಈ ನಿರ್ಧಾರ ಕೈಗೊಳ್ಳುವುದು ಕತ್ತಲಲ್ಲಿ ತಡಕಾಡಿದಂತೆ. ಕಪಾಟಿನಲ್ಲಿ ಹತ್ತು ಬಗೆಯ ಸರಕನ್ನು ತುಂಬಿ, ಅದರಲ್ಲಿ ನಾಲ್ಕು ಬಗೆ ಧೂಳು ಹಿಡಿಯುತ್ತಿರುವ ಅಂಗಡಿಗೂ ಇದೇ ಮಾತು ಅನ್ವಯಿಸುತ್ತದೆ.

ಕೊನೆಯ ಗಳಿಗೆಯ ರಿಯಾಯಿತಿ

ವಿಮಾನದ ಬಾಗಿಲು ಮುಚ್ಚಿದ ಕ್ಷಣದಲ್ಲಿ ಮಾರಾಟವಾಗದ ಹಾಸಿಗೆಯ ಬೆಲೆ ಶೂನ್ಯ. ಸಂತೆ ಮುಗಿಯುವ ಹೊತ್ತಿನ ಸೊಪ್ಪಿನ ಸ್ಥಿತಿಯೇ ಅದರದ್ದು. ಆದುದರಿಂದ ಸಂಸ್ಥೆಗಳು ಕೆಳದರ್ಜೆಯ ಪ್ರಯಾಣಿಕರಿಗೆ ಹೆಚ್ಚುವರಿ ಹಣ ಪಡೆದು, ನಿಷ್ಠಾವಂತ ಗ್ರಾಹಕರ ಅಂಕಗಳನ್ನು ಕಳೆದುಕೊಂಡು, ಅಥವಾ ಹರಾಜಿನಂತೆ ಬೇಡಿಕೆ ಆಹ್ವಾನಿಸಿ ಮೇಲಿನ ದರ್ಜೆಯನ್ನು ನೀಡುತ್ತವೆ. ಇದನ್ನೇ ಅಪ್‌ಗ್ರೇಡ್ ಎನ್ನುವುದು. ಬಂದಷ್ಟೂ ಲಾಭವೆಂಬಂತೆ ಕಂಡರೂ ಇದರಲ್ಲೊಂದು ಅಪಾಯವಿದೆ. ಪ್ರತಿ ಸಲವೂ ಅಗ್ಗದಲ್ಲಿ ದೊರೆಯುತ್ತದೆಂದು ತಿಳಿದ ಮೇಲೆ ಪೂರ್ಣ ದರ ಕೊಡುತ್ತಿದ್ದವರೂ ಕಾಯಲು ಕಲಿಯುತ್ತಾರೆ. ಆದಕಾರಣ ಅಪ್‌ಗ್ರೇಡ್ ದೊರೆಯುವುದನ್ನು ಖಚಿತವಾಗಿಡದೆ ಅನಿಶ್ಚಿತವಾಗಿಡುವುದು ಸಂಸ್ಥೆಗಳ ರೂಢಿ. ಅದೇ ಹಾಸಿಗೆ ಖಚಿತವಾಗಿ ಬೇಕೆನ್ನುವವರು ಪೂರ್ಣ ದರ ತೆರಬೇಕು. ವರ್ಷವಿಡೀ ರಿಯಾಯಿತಿಯ ಫಲಕ ತೂಗುಹಾಕುವ ಅಂಗಡಿಗಳು ಮೂಲ ಬೆಲೆಯ ಮೇಲಿನ ನಂಬಿಕೆಯನ್ನು ತಾವೇ ಕೆಡಿಸಿಕೊಳ್ಳುವುದು ಇದೇ ಕಾರಣಕ್ಕೆ.

ಅನುಕರಣೆ ಮತ್ತು ಪೇಟೆಂಟ್

ಹೊಸತನದ ಲಾಭ ಬಹುಕಾಲ ಒಬ್ಬರದೇ ಆಗಿ ಉಳಿಯದು. ವರ್ಜಿನ್ ಅಟ್ಲಾಂಟಿಕ್ ಸಂಸ್ಥೆಯು 2003ರಲ್ಲಿ ಆಸನಗಳನ್ನು ಗೋಡೆಗೆ ಓರೆಯಾಗಿ, ಮೀನಿನ ಮೂಳೆಯ ಆಕಾರದಲ್ಲಿ ಜೋಡಿಸಿದ ಸಮತಲ ಹಾಸಿಗೆಯನ್ನು ತಂದಿತು. ಆ ಆಸನಗಳನ್ನು ತಯಾರಿಸಿಕೊಟ್ಟ ಕಂಪನಿಯೇ ಮುಂದೆ ಇಂತಹುದೇ ಜೋಡಣೆಯ ಮತ್ತೊಂದು ಮಾದರಿಯನ್ನು ಬೇರೆ ವಿಮಾನ ಸಂಸ್ಥೆಗಳಿಗೆ ಮಾರಿತು. ವರ್ಜಿನ್ ಪೇಟೆಂಟ್ ದಾವೆ ಹೂಡಿತು. ಭಾರತದ ಜೆಟ್ ಏರ್‌ವೇಸ್ (2019ರಲ್ಲಿ ಹಾರಾಟ ನಿಲ್ಲಿಸಿದ ಸಂಸ್ಥೆ) ಸೇರಿದಂತೆ ಕೆಲವು ವಿಮಾನ ಸಂಸ್ಥೆಗಳ ವಿರುದ್ಧವೂ ದಾವೆಗಳು ನಡೆದವು. 2009ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ವರ್ಜಿನ್ ಪರವಾಗಿ ತೀರ್ಪಿತ್ತಿತು. ಆದರೆ ಆ ಬಳಿಕ ಯುರೋಪಿನ ಪೇಟೆಂಟ್ ಕಚೇರಿಯು ಆ ಪೇಟೆಂಟಿನ ವ್ಯಾಪ್ತಿಯನ್ನು ಕಿರಿದುಗೊಳಿಸಿತು. ಹಾಗೆ ಕಿರಿದಾದ ಪೇಟೆಂಟಿನ ಆಧಾರದಲ್ಲಿ, ವರ್ಜಿನ್ ಕೇಳಿದ್ದ 4.9 ಕೋಟಿ ಪೌಂಡಿಗೂ ಮೀರಿದ ಪರಿಹಾರ ಸಲ್ಲದೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಮಾನಿಸಿತು.

ಇದರಿಂದ ಎರಡು ಅಂಶಗಳು ಸ್ಪಷ್ಟ. ಪೇಟೆಂಟಿನ ಬಲವಿರುವುದು ಅದರ ಪದಗಳಲ್ಲಿ. ವಿಪರೀತ ಅಗಲವಾಗಿ ಬರೆಸಿದ ಹಕ್ಕು ಪರೀಕ್ಷೆಯಲ್ಲಿ ಕುಗ್ಗಬಹುದು. ಜೊತೆಗೆ, ತಮ್ಮ ವಿನ್ಯಾಸವನ್ನು ಹೊರಗಿನವರಿಂದ ತಯಾರಿಸಿಕೊಳ್ಳುವ ಉದ್ದಿಮೆಗಳು ಅಚ್ಚು, ನಕ್ಷೆ ಮತ್ತು ಮುಂದಿನ ಸುಧಾರಣೆಗಳು ಯಾರಿಗೆ ಸೇರಿದ್ದೆಂಬುದನ್ನು ಮೊದಲ ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು.

ಬ್ರಿಟಿಷ್ ಏರ್‌ವೇಸಿನ ಮೂಲ ಜೋಡಣೆಗೂ ವಯಸ್ಸಾಯಿತು. ಒಳಗಿನ ಆಸನದವರು ನಡುದಾರಿಗೆ ಬರಲು ಪಕ್ಕದವರ ಕಾಲನ್ನು ದಾಟಬೇಕಾಗಿತ್ತು. ಪ್ರತಿ ಆಸನದಿಂದಲೂ ನೇರ ನಡುದಾರಿಯುಳ್ಳ ವಿನ್ಯಾಸಗಳು ಇತರ ಸಂಸ್ಥೆಗಳಲ್ಲಿ ಬಂದ ಮೇಲೆ ಅದೊಂದು ದೊಡ್ಡ ಕೊರತೆಯೆನಿಸಿತು. ಕತಾರ್ ಏರ್‌ವೇಸ್ 2017ರಲ್ಲಿ ಬಾಗಿಲುಳ್ಳ ಆಸನವನ್ನು ತಂದಿತು. 2019ರಲ್ಲಿ ಬ್ರಿಟಿಷ್ ಏರ್‌ವೇಸ್ ಕೂಡ ಬಾಗಿಲುಳ್ಳ, ಸಾಲಿಗೆ ನಾಲ್ಕೇ ಆಸನಗಳ ವಿನ್ಯಾಸಕ್ಕೆ ಬದಲಾಯಿತು. ಮಾರುಕಟ್ಟೆಯಲ್ಲಿ ಮೊದಲು ಬಂದವರೇ ಮುಂದೆ ಹಿಂದುಳಿದವರೆನಿಸಲು ಎರಡು ದಶಕ ಸಾಕಾಯಿತು.

ಪರೀಕ್ಷೆ ಮತ್ತು ಪೂರೈಕೆ

ವಿಮಾನದ ಆಸನವು ಪೀಠೋಪಕರಣದಂತೆ ಕಂಡರೂ ಕಾನೂನಿನ ದೃಷ್ಟಿಯಲ್ಲಿ ಅದು ಸುರಕ್ಷಾ ಸಾಧನ. ಅಮೆರಿಕವು 1988ರಲ್ಲಿ ತಂದ ನಿಯಮದ ಪ್ರಕಾರ ಹೊಸ ವಿನ್ಯಾಸದ ವಿಮಾನಗಳ ಆಸನವು ಮುಂದಿನ ದಿಕ್ಕಿನಲ್ಲಿ ಗುರುತ್ವದ 16 ಪಟ್ಟು ಬಲದ ಆಘಾತ ಪರೀಕ್ಷೆಯನ್ನು ತಾಳಿಕೊಳ್ಳಬೇಕು. ಮೆತ್ತೆಗಳು ಬೆಂಕಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆಸನವು ವಿಮಾನದ ನೇರಕ್ಕಿಂತ 18 ಡಿಗ್ರಿಗೂ ಹೆಚ್ಚು ಓರೆಯಾಗಿದ್ದರೆ ವಿಶೇಷ ಷರತ್ತುಗಳು ಅನ್ವಯಿಸುತ್ತವೆ. ಹೀಗಾಗಿ ಒಂದು ಸಣ್ಣ ಬದಲಾವಣೆಯೂ ಹೊಸ ಪರೀಕ್ಷೆಯನ್ನು ಬೇಡಬಹುದು.

ಪರೀಕ್ಷೆಯಲ್ಲಿ ಅಡ್ಡದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಕೊಯಿಟೊ ಇಂಡಸ್ಟ್ರೀಸ್ ಪ್ರಕರಣವು ನಿದರ್ಶನ. ಆಸನಗಳ ಬೆಂಕಿ ಮತ್ತು ಬಲ ಪರೀಕ್ಷೆಗಳ ದತ್ತಾಂಶವನ್ನು ಆ ಕಂಪನಿ ತಿರುಚಿದ್ದು 2010ರಲ್ಲಿ ಬಯಲಾಯಿತು. 32 ವಿಮಾನ ಸಂಸ್ಥೆಗಳ ಸುಮಾರು 1,000 ವಿಮಾನಗಳಲ್ಲಿದ್ದ ಸುಮಾರು 1,50,000 ಆಸನಗಳು ಸಂಶಯಕ್ಕೆ ಒಳಗಾದವು. ತಾನು ಮಾಡದ ತಪ್ಪಿನ ಹೊರೆಯನ್ನು ಕೊಂಡವನೂ ಹೊರಬೇಕಾಯಿತು.

ಪೂರೈಕೆಯ ಕೊರತೆಯೂ ಅಷ್ಟೇ ದುಬಾರಿ. ಏರ್ ಇಂಡಿಯಾ ಸಂಸ್ಥೆಯು 2022ರ ಡಿಸೆಂಬರಿನಲ್ಲಿ 27 ಬೋಯಿಂಗ್ 787 ಹಾಗೂ 13 ಬೋಯಿಂಗ್ 777 ವಿಮಾನಗಳ ಒಳಾಂಗಣ ನವೀಕರಣಕ್ಕಾಗಿ 40 ಕೋಟಿ ಡಾಲರುಗಳ ಯೋಜನೆಯನ್ನು ಪ್ರಕಟಿಸಿತು. ಮೊದಲ 787 ವಿಮಾನವು ನವೀಕರಣಕ್ಕಾಗಿ ಕ್ಯಾಲಿಫೋರ್ನಿಯಾಕ್ಕೆ ತೆರಳಿದ್ದು 2025ರ ಜುಲೈಯಲ್ಲಿ. ಆಸನಗಳ ಪೂರೈಕೆಯಲ್ಲಿನ ವಿಳಂಬವು ಇದಕ್ಕೆ ಪ್ರಮುಖ ಕಾರಣಗಳಲ್ಲೊಂದು. ಹಣವೂ ಇಚ್ಛೆಯೂ ಸಿದ್ಧವಿದ್ದರೂ ಜಗತ್ತಿನಲ್ಲಿ ಇಂತಹ ಆಸನ ತಯಾರಿಸುವ ಕಂಪನಿಗಳು ಕೆಲವೇ ಇರುವುದರಿಂದ ಸರದಿಯಲ್ಲಿ ನಿಲ್ಲದೆ ಬೇರೆ ದಾರಿಯಿಲ್ಲ. ದೇವನಹಳ್ಳಿ, ಬೆಳಗಾವಿಗಳ ಸುತ್ತ ವೈಮಾನಿಕ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಸಣ್ಣ ಘಟಕಗಳು ಇದನ್ನು ಎರಡೂ ಬದಿಯಿಂದ ಗಮನಿಸಬೇಕು: ಕೊರತೆಯಿರುವಲ್ಲಿ ಅವಕಾಶವಿದೆ, ಆದರೆ ಅದನ್ನು ಪ್ರವೇಶಿಸುವ ಬಾಗಿಲು ಕಡಿಮೆ ಬೆಲೆಯಲ್ಲ, ತಪ್ಪಿಲ್ಲದ ಪರೀಕ್ಷಾ ದಾಖಲೆ.

ಉದ್ಯಮಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಉತ್ಪನ್ನವನ್ನು ಮೇಲ್ದರ್ಜೆಗೆ ಏರಿಸಲು ಅಥವಾ ಮಳಿಗೆಯನ್ನು ನವೀಕರಿಸಲು ಹೊರಡುವ ಮುನ್ನ ಈ ಕೆಳಗಿನವುಗಳಿಗೆ ಉತ್ತರ ಬರೆದಿಟ್ಟುಕೊಳ್ಳುವುದು ಒಳಿತು.

1. ನಮ್ಮಲ್ಲಿ ಅತಿ ಮಿತವಾಗಿರುವುದು ಯಾವುದು: ನೆಲವೇ, ಯಂತ್ರದ ಗಂಟೆಗಳೇ, ಕುಶಲ ಕೆಲಸಗಾರರೇ? ಆ ಒಂದು ಘಟಕಕ್ಕೆ ಈಗಿನ ಗಳಿಕೆ ಎಷ್ಟು, ಬದಲಾವಣೆಯ ನಂತರ ಎಷ್ಟಾಗಬೇಕು?
2. ಹೊಸತಕ್ಕೆ ಎಡೆ ಮಾಡಿಕೊಡಲು ತೆಗೆಯುವ ಹಳೆಯದು ನಿಜವಾಗಿ ಎಷ್ಟು ದಿನ ಮಾರಾಟವಾಗುತ್ತಿತ್ತು?
3. ಗ್ರಾಹಕನು ಹೆಚ್ಚಿನ ಹಣ ಕೊಡುವುದು ಯಾವ ಪ್ರಯೋಜನಕ್ಕೆ? ಆ ಪ್ರಯೋಜನ ಇಲ್ಲದವರಿಗೆ ಅದನ್ನೇ ಮಾರಲು ಹೊರಟಿದ್ದೇವೆಯೇ?
4. ಉಳಿದ ಸರಕನ್ನು ಅಗ್ಗವಾಗಿ ಕೊಡುವಾಗ ಪೂರ್ಣ ಬೆಲೆಯ ಗ್ರಾಹಕರನ್ನು ಕಳೆದುಕೊಳ್ಳದಂತೆ ಏನು ವ್ಯವಸ್ಥೆಯಿದೆ?
5. ಸ್ಪರ್ಧಿಗಳು ಇದನ್ನೇ ತರುವ ಮೊದಲು ಹೂಡಿದ ಹಣ ಮರಳುತ್ತದೆಯೇ? ಮುಖ್ಯ ಪೂರೈಕೆದಾರರು ಆರು ತಿಂಗಳು ತಡ ಮಾಡಿದರೂ ಈ ಲೆಕ್ಕ ನಿಲ್ಲುತ್ತದೆಯೇ?

ಐದನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದಲ್ಲಿ ಇಡೀ ಮಳಿಗೆಯನ್ನು ಒಮ್ಮೆಲೇ ಬದಲಿಸುವ ಬದಲು ಒಂದು ಭಾಗವನ್ನು ಮಾತ್ರ ಬದಲಿಸಿ, ಒಂದು ವರ್ಷದ ಗಳಿಕೆಯನ್ನು ದಾಖಲಿಸಿ, ಬಳಿಕ ಮುಂದುವರಿಯುವುದು ಸಣ್ಣ ಉದ್ದಿಮೆಗಳಿಗೆ ಕ್ಷೇಮಕರ.