ಕಥೆ ಹಾಡುವಾಗ ಎಡಗೈ ಏನು ಮಾಡಬೇಕು?

ನಮ್ಮೂರು ಕಳಸ. ಅಲ್ಲಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರೆಗೆ ಅಡ್ಡಲಾಗಿ ಹೆಬ್ಬಾಳೆ ಸೇತುವೆ ಸಿಗುತ್ತದೆ. ತಗ್ಗಿನ ಸೇತುವೆ. ಕುದುರೆಮುಖದ ಕಡೆ ಮಳೆ ಜೋರಾದರೆ ಹೊಳೆ ಉಕ್ಕಿ ಸೇತುವೆಯ ಮೇಲೆ ಹರಿಯುತ್ತದೆ. ಆಮೇಲೆ ಆಚೆಯವರು ಆಚೆ, ಈಚೆಯವರು ಈಚೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅಪ್ಪ ಆಚೆಯೇ ಉಳಿದುಬಿಟ್ರು. ಕರೆಂಟ್ ಇಲ್ಲ, ಫೋನ್ ಸಿಗ್ತಿಲ್ಲ. ಅಜ್ಜಿ ಜಗಲಿಯಲ್ಲಿ ಕೂತು ಗೋವಿನ ಹಾಡು ಹೇಳ್ತಾ ನನ್ನನ್ನು ಮಲಗಿಸಿದ್ರು.

ಕಳೆದ ರಜೆಯಲ್ಲಿ ಆ ಸಂಜೆಯ ಮೇಲೆ ಒಂದು ಹಾಡು ಮಾಡಿದೆ. ಕೀಬೋರ್ಡಿನಲ್ಲಿ ಪಿಯಾನೊ ಟೋನ್ ಹಾಕಿಕೊಂಡು, ಇಂಗ್ಲಿಷ್‌ನಲ್ಲಿ. ಕಲಿತಿದ್ದೆಲ್ಲ ಇಂಗ್ಲಿಷ್ ಮೀಡಿಯಂ ಆದ್ದರಿಂದ ದುಃಖ ಕೂಡ ಮೊದಲು ಆ ಭಾಷೆಯಲ್ಲೇ ಬರುತ್ತೆ, ಏನು ಮಾಡೋದು. ನಾಲ್ಕು ಕಾರ್ಡ್‌ಗಳು ಸುತ್ತಿ ಸುತ್ತಿ ಬರ್ತಿದ್ದವು, ಮಳೆ ಇತ್ತು, ಮಂಜು ಇತ್ತು. ಅಜ್ಜಿಗೆ ಹಾಡಿ, ಸಾಲು ಸಾಲಾಗಿ ಅರ್ಥ ಹೇಳಿದೆ. ಅವರು ಪೂರ್ತಿ ಕೇಳಿ, "ಅದೆಲ್ಲ ಸರಿ ಮಾರಾಯ, ಕಡೆಗೆ ಅಪ್ಪ ಬಂದ್ನಾ ಇಲ್ವಾ? ಅದ್ನೇ ಹೇಳ್ಲಿಲ್ಲ ನೀನು" ಅಂದ್ರು.

ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಕಲಿತದ್ದು. ಒಬ್ಬರೇ ಪಿಯಾನೊ ಮುಂದೆ ಕೂತು, ತಾವೇ ಬರೆದ ಕಥೆಯನ್ನು ತಾವೇ ಹಾಡುವ ಸ್ವತಂತ್ರ ಗಾಯಕರನ್ನು ನಾವೆಲ್ಲ ಇಯರ್‌ಫೋನ್ ಹಾಕಿಕೊಂಡು ಕೇಳ್ತೀವಿ. ಅದನ್ನು ಕನ್ನಡದಲ್ಲಿ ಮಾಡಬೇಕಾದರೆ ಕೈ ಏನು ಮಾಡಬೇಕು, ಬಾಯಿ ಏನು ಮಾಡಬೇಕು ಅನ್ನೋದು ನನ್ನ ಪ್ರಶ್ನೆ.

ಒಬ್ಬರೇ ಕಥೆ ಹಾಡುವುದು ನಮಗೆ ಹೊಸದೇನಲ್ಲ. ಹರಿಕಥೆ ದಾಸರು ಮಾಡೋದು ಅದನ್ನೇ. ಹಾರ್ಮೋನಿಯಂ, ತಬಲಾ ಪಕ್ಕದಲ್ಲಿ. ಕಥೆ, ಹಾಡು, ನಡುವೆ ಒಂದು ಜೋಕು ಎಲ್ಲ ಒಬ್ಬರದೇ. ನಮ್ಮ ಕಾಲಕ್ಕೆ ಬಂದರೆ ರಘು ದೀಕ್ಷಿತ್ ಶಿಶುನಾಳ ಶರೀಫರನ್ನು ಗಿಟಾರಿನ ಜೊತೆ ಹಾಡಿದರು, ಅದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಶರೀಫರ ಮೊದಲ ಪರಿಚಯ. ಆದರೆ ಪಿಯಾನೊ? ಹುಡುಕುತ್ತಾ ಹೋದಾಗ ಸಿಕ್ಕಿದ್ದು ಸ್ಟುಡಿಯೋ ಅಲ್ಲ, ಅರಮನೆ.

ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರಲ್ಲಿ. ಪಿಯಾನೊ ಕಲಾವಿದ ಆಗಬೇಕು ಅನ್ನೋದು ಅವರ ಆಸೆ. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. 21ನೇ ವಯಸ್ಸಿಗೆ ಪಟ್ಟ. (ನಮಗೆ ಆ ವಯಸ್ಸಿಗೆ ಪ್ಲೇಸ್‌ಮೆಂಟ್ ಚಿಂತೆ.) ಆದರೂ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪಡೆದರು, ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋಶಿಪ್ ಕೊಟ್ಟಿತು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು.

ನನಗೆ ಮುಖ್ಯ ಅನಿಸಿದ್ದು ಅವರು ಯಾರಿಗೆ ದುಡ್ಡು ಕೊಟ್ಟರು ಅನ್ನೋದು. ನಿಕೊಲಾಯ್ ಮೆಟ್ನರ್ ಅಂತ ರಷ್ಯಾದ ಸಂಗೀತಗಾರ, ಊರು ಬಿಟ್ಟು ಕೊನೆಗೆ ಲಂಡನ್ ಸೇರಿದ್ದವನು. ಫ್ಯಾಶನ್ ಬದಲಾದರೂ ತನ್ನ ಶೈಲಿ ಬದಲಾಯಿಸಲಿಲ್ಲ, ಹಾಗಾಗಿ ಕೇಳುವವರು ಕಡಿಮೆ. ಅವನು ಪಿಯಾನೊಗೆ ಬರೆದ ಎಷ್ಟೋ ತುಣುಕುಗಳ ಹೆಸರು 'ಸ್ಕಾಜ್ಕಾ'. ರಷ್ಯನ್‌ನಲ್ಲಿ ಹಾಗಂದರೆ ಕಥೆ, ನಮ್ಮ ಅಡುಗೂಲಜ್ಜಿ ಕಥೆ ಥರ. ಮಾತಿಲ್ಲದ ಕಥೆಗಳು. ಮೈಸೂರಿನ ಮಹಾರಾಜರ ಹಣದಿಂದ ಮೆಟ್ನರ್ ಸೊಸೈಟಿ ಶುರುವಾಗಿ, ಆ ಮುದುಕ ತನ್ನ ಸಂಗೀತವನ್ನು ತಾನೇ ನುಡಿಸಿದ ರೆಕಾರ್ಡುಗಳು ಹೊರಬಂದವು. ತಾನು ಬರೆದ ಹಾಡುಗಳಿಗೂ ಅವನೇ ಪಿಯಾನೊ ನುಡಿಸಿದ. ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡ.

ಇದೇ ಮಹಾರಾಜರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನೂ ರಚಿಸಿದರು. ಅಂದರೆ ಹಾಡು ಬರೆಯುವವರೂ ಅವರೇ, ಪಿಯಾನೊ ನುಡಿಸುವವರೂ ಅವರೇ. ಆದರೆ ಆ ಕೃತಿಗಳನ್ನು ನಾವು ಕೇಳೋದು ತಂಬೂರಿ, ಪಿಟೀಲು, ವೀಣೆಯ ಜೊತೆ, ಪಿಯಾನೊ ಜೊತೆ ಅಲ್ಲ. ಯಾಕೆ ಅಂತ ಯೋಚಿಸಿದರೆ ಫಸ್ಟ್ ಇಯರ್ ಫಿಸಿಕ್ಸ್ ಸಾಕು.

ಪಿಯಾನೊದಲ್ಲಿ ಒಂದು ಸ್ಥಾಯಿಯನ್ನು 12 ಸಮ ಹೆಜ್ಜೆಗಳಾಗಿ ಕತ್ತರಿಸಿರುತ್ತಾರೆ. ಒಂದೊಂದು ಹೆಜ್ಜೆಗೂ ಫ್ರೀಕ್ವೆನ್ಸಿ ಸುಮಾರು 1.0595 ಪಟ್ಟು ಹೆಚ್ಚುತ್ತದೆ. ಈ ಸಂಖ್ಯೆಯನ್ನು 12 ಸಲ ಗುಣಿಸಿದರೆ ಸರಿಯಾಗಿ 2. ಈಗ ನಿಮ್ಮ ಸ 240 ಹರ್ಟ್ಸ್ ಅಂದುಕೊಳ್ಳಿ. ತಂಬೂರಿಗೆ ಹೊಂದುವ ಗಾಂಧಾರ 5/4 ಪಟ್ಟು, ಅಂದರೆ 300. ಪಿಯಾನೊ ಲೆಕ್ಕದಲ್ಲಿ ಅದು 302.4. ಎರಡೂ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಎರಡು ಚಿಲ್ಲರೆ ಸಲ ದನಿ ಅಲುಗುತ್ತದೆ. ಪಂಚಮ ಪರವಾಗಿಲ್ಲ: 360 ಇರಬೇಕಾದ ಕಡೆ 359.6. ಅದರ ಮೇಲೆ ಗಮಕ ಬೇರೆ. ನಮ್ಮ ಗಂಟಲು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ, ಕೀ ಜಾರುವುದಿಲ್ಲ. ಹಾರ್ಮೋನಿಯಂಗೂ ಇದೇ ಕಾಯಿಲೆ, ಹಾಗಾಗಿಯೇ ಆಲ್ ಇಂಡಿಯಾ ರೇಡಿಯೋ 1940ರಿಂದ 1971ರವರೆಗೆ ಅದನ್ನು ದೂರ ಇಟ್ಟಿತ್ತು.

ಈ ಲೆಕ್ಕದಿಂದ ನೇರವಾಗಿ ಎರಡು ಕೆಲಸದ ಪಾಠ ಸಿಗುತ್ತೆ. ಗಂಟಲು ಹಾಡುತ್ತಿರುವ ಧಾಟಿಯನ್ನೇ ಬಲಗೈಯಲ್ಲಿ ನುಡಿಸಬೇಡಿ, ಇಬ್ಬರೂ ಜಗಳ ಆಡ್ತಾರೆ. ಎಡಗೈಯಲ್ಲಿ ಸ ಮತ್ತು ಪ ಮಾತ್ರ ಹಿಡಿದು, ಗ ಬಿಟ್ಟುಬಿಡಿ. ಖುಷಿಯೋ ದುಃಖವೋ ಅಂತ ಹೇಳೋದು ಗಾಂಧಾರ; ಅದನ್ನು ಗಂಟಲಿಗೇ ಬಿಟ್ಟರೆ ಬೇಕಾದಷ್ಟು ಬಗ್ಗಿಸಬಹುದು. ಟ್ಯುಟೋರಿಯಲ್ ನೋಡಿ ಮೂರು ಬೆರಳೂ ಒತ್ತುತ್ತಿದ್ದ ನಾನು ಒಂದು ಬೆರಳು ಎತ್ತಿದ ದಿನವೇ ನನ್ನ ಹಾಡು ಸ್ವಲ್ಪ ಕನ್ನಡದ ಥರ ಕೇಳಿಸಿತು.

ಹಾಗಾದರೆ ತಂಬೂರಿಯನ್ನೇ ಇಟ್ಟುಕೊಳ್ಳಬಹುದಲ್ಲ, ಪಿಯಾನೊ ಯಾಕೆ? ಯಾಕಂದ್ರೆ ತಂಬೂರಿಯಲ್ಲಿ ನೆಲ ಅಲುಗುವುದಿಲ್ಲ, ಪಿಯಾನೊದಲ್ಲಿ ಅಲುಗಿಸಬಹುದು. ಗೋವಿನ ಹಾಡನ್ನೇ ತಗೊಳ್ಳಿ. ಹುಲಿ ಅಡ್ಡ ಬರುವಾಗ, ಪುಣ್ಯಕೋಟಿ ಮಾತು ಕೊಡುವಾಗ, ಕರುವಿಗೆ ಕೊನೆಯ ಸಲ ಹಾಲುಣಿಸುವಾಗ, ಎಲ್ಲಕ್ಕೂ ಅಜ್ಜಿಯ ಬಾಯಲ್ಲಿ ಒಂದೇ ಧಾಟಿ. ಬದಲಾಗುತ್ತಿದ್ದದ್ದು ಅವರು ಎಲ್ಲಿ ನಿಲ್ಲಿಸುತ್ತಿದ್ದರು ಅನ್ನೋದು ಮಾತ್ರ. ಈಗ ಧಾಟಿಯ ಒಂದು ಸಾಲು ಸ ಮೇಲೆ ನಿಲ್ಲುತ್ತೆ ಅಂದುಕೊಳ್ಳಿ. ಆ ಸ ಕೆಳಗೆ ಎಡಗೈ ಸ-ಗ-ಪ ಹಿಡಿಯಬಹುದು, ದ-ಸ-ಗ ಹಿಡಿಯಬಹುದು, ಮ-ದ-ಸ ಕೂಡ ಹಿಡಿಯಬಹುದು. ಮೂರರಲ್ಲೂ ಸ ಇದೆ. ಹಾಡುವವರು ಏನೂ ಬದಲಾಯಿಸಿಲ್ಲ, ಆದರೆ ಮೊದಲನೆಯದರಲ್ಲಿ ಹಸು ಮನೆಯಲ್ಲಿದೆ, ಎರಡನೆಯದರಲ್ಲಿ ಕರುವನ್ನು ಬಿಟ್ಟು ಹೊರಟಿದೆ. ಮನೆಯಲ್ಲಿ ಕೀಬೋರ್ಡ್ ಇದ್ದವರು ಇದನ್ನು ಈಗಲೇ ಮಾಡಿ ನೋಡಿ, ಓದಿದರೆ ಗೊತ್ತಾಗಲ್ಲ.

ನನ್ನ ತಪ್ಪು ಏನಿತ್ತು ಅಂದರೆ, ಪ್ರತಿ ನಾಲ್ಕು ತಾಳಕ್ಕೆ ನೆಲ ಅಲುಗಿಸುತ್ತಿದ್ದೆ. ಕಥೆಯಲ್ಲಿ ಏನೂ ಆಗಿಲ್ಲ, ಕೆಳಗೆ ಮಾತ್ರ ಭೂಕಂಪ. ಹಾಗಾದರೆ ಯಾವಾಗ ಅಲುಗಿಸಬೇಕು? ಇದಕ್ಕೆ ಉತ್ತರ ಸಂಗೀತದಿಂದ ಬರಲಿಲ್ಲ, ಹಾಡನ್ನು ಕನ್ನಡಕ್ಕೆ ತರಲು ಒದ್ದಾಡುವಾಗ ಬಂತು. ಇಂಗ್ಲಿಷ್‌ನಲ್ಲಿ ಅಪ್ಪ ಬರಲಿಲ್ಲ ಅನ್ನೋದು ಸಾಲಿನ ಶುರುವಿನಲ್ಲೇ ಗೊತ್ತಾಗಿಬಿಡುತ್ತೆ, ಉಳಿದದ್ದೆಲ್ಲ ವಿವರ. ಕನ್ನಡದಲ್ಲಿ ಹಾಗಲ್ಲ. ಅಪ್ಪ, ಕತ್ತಲಲ್ಲಿ, ಕೊಡೆ ಹಿಡಿದು, ಹೊಳೆ ದಾಟಿ ಅಂತ ಎಷ್ಟೇ ಹೇಳಿದರೂ 'ಬಂದ' ಅಥವಾ 'ಬರಲಿಲ್ಲ' ಅನ್ನೋದು ಕಟ್ಟಕಡೆಗೆ. ಅಲ್ಲಿಯವರೆಗೆ ಕೇಳುವವರು ಉಸಿರು ಹಿಡಿದಿರಬೇಕು. ಅಜ್ಜಿ ಗೋವಿನ ಹಾಡಿನಲ್ಲಿ ನಿಲ್ಲಿಸುತ್ತಿದ್ದದ್ದೂ ಸಾಮಾನ್ಯವಾಗಿ ಆ ಕೊನೆಯ ಕ್ರಿಯಾಪದಕ್ಕೆ ಮುಂಚೆಯೇ. ಹಾಗಾಗಿ ಕನ್ನಡದ ಕಥೆಯಲ್ಲಿ ಕಾರ್ಡ್ ಬದಲಾಗಬೇಕಾದದ್ದು ಸಾಲಿನ ಮೊದಲ ತಾಳಕ್ಕಲ್ಲ, ಕ್ರಿಯಾಪದದ ಜೊತೆ. ಇದನ್ನು ಯಾವ ಟ್ಯುಟೋರಿಯಲ್ಲೂ ಹೇಳಿರಲಿಲ್ಲ, ಹೇಳೋಕೆ ಅವರಿಗೆ ಕನ್ನಡ ಬರಬೇಕಿತ್ತು.

ಇನ್ನೊಂದು ಸಣ್ಣ ವಿಷಯ. ಹಾರ್ಮೋನಿಯಂ ತಿದಿ ಒತ್ತಿದಷ್ಟು ಹೊತ್ತು ದನಿ ಇರುತ್ತೆ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ದನಿ ಸಾಯೋಕೆ ಶುರು. ಇದು ದೋಷ ಅಂತಾರೆ, ಆದರೆ ಕಾಯುವ ಕಥೆಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಒಂದು ಸ-ಪ ಬಾರಿಸಿ, ಪೆಡಲ್ ಹಿಡಿದು, ಅದು ಪೂರ್ತಿ ಕರಗುವವರೆಗೆ ಸುಮ್ಮನಿದ್ದು ಆಮೇಲೆ ಮುಂದಿನ ಸಾಲು ಹೇಳಿ. ಸ್ಟೇಜ್ ಮೇಲೆ ಹಾಗೆ ಸುಮ್ಮನಿರೋದು ಮಾತ್ರ ಕಷ್ಟ, ಹಿಂದಿನ ಬೆಂಚಿನಿಂದ ಯಾರಾದರೂ ಶಿಳ್ಳೆ ಹಾಕೇ ಹಾಕ್ತಾರೆ.

ಈಗ ನನ್ನ ಸೇತುವೆ ಹಾಡು ಕನ್ನಡದಲ್ಲಿದೆ. ಐದು ನುಡಿ, ಒಂದೇ ಧಾಟಿ. ನೆಲ ಅಲುಗೋದು ಮೂರೇ ಸಲ: ನೀರು ಸೇತುವೆ ಏರಿದಾಗ ಒಂದು, ದೀಪ ಆರಿದಾಗ ಒಂದು, ಕೊನೆಯ ನುಡಿಯಲ್ಲಿ ಒಂದು. ಕೊನೆಯ ನುಡಿಯಲ್ಲಿ, ಮಾರನೇ ದಿನ ನೀರು ಇಳಿದ ಮೇಲೆ ಅಪ್ಪ ಒದ್ದೆ ಚೀಲದಲ್ಲಿ ನನಗೆ ಬ್ರೆಡ್ಡು ತಂದದ್ದು, ಅಜ್ಜಿ ಬೇರೇನೂ ಕೇಳದೆ "ಊಟ ಆಯ್ತಾ" ಅಂದದ್ದು ಇದೆ. 'ಬಂದ' ಅನ್ನುವಾಗ ಎರಡೂ ಕೈ ಎತ್ತಿಬಿಡ್ತೀನಿ, ಆ ಪದದ ಕೆಳಗೆ ಏನೂ ಇಲ್ಲ.

ಹೋದ ವಾರ ಹಾಸ್ಟೆಲಿನಿಂದ ಫೋನಿನಲ್ಲಿ ಅಜ್ಜಿಗೆ ಪೂರ್ತಿ ಹಾಡಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ, ಲೈನ್ ಕಟ್ ಆಯ್ತೇನೋ ಅಂದುಕೊಂಡೆ. ಆಮೇಲೆ, "ಬ್ರೆಡ್ಡಲ್ಲ ಮಾರಾಯ ಅದು, ರಸ್ಕು. ಪೂರಾ ನೆಂದು ಹೋಗಿತ್ತು" ಅಂದ್ರು.

ಫೋನ್ ಇಟ್ಟು ಮಾತ್ರೆ ಎಣಿಸಿದೆ. ಬ್ರೆಡ್ಡು ಮೂರು, ರಸ್ಕೂ ಮೂರು. ಬದಲಾಯಿಸಿದೆ.