ಹಳೇ ಪತ್ರದಲ್ಲಿ ಅಡುಗೆಮನೆ

ನಾಗರಬಾವಿ ಈಗ ಬೆಂಗಳೂರಿನ ಬಡಾವಣೆ. ಹಿಂದೆ ಅದು ಹಳ್ಳಿ. ಈ ಸೀಮೆಯಲ್ಲಿ ರಾಗಿಯೇ ಮುಖ್ಯ ಬೆಳೆ. ರಾಗಿಯ ನಡುವೆ ಅಕ್ಕಡಿ ಸಾಲು ಹಾಕಿ ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದರು. ಈಗ ಹೊಲ ಹೋಗಿ ಮನೆಗಳಾಗಿವೆ. ಆದರೆ ಹಳಬರ ಪೆಟ್ಟಿಗೆಯಲ್ಲಿ ಹಳೇ ಪತ್ರಗಳು ಇನ್ನೂ ಇರುತ್ತವೆ.

ಅವು ಯಾವ ಪತ್ರಗಳು? ಅಣ್ಣತಮ್ಮಂದಿರು ಬೇರೆಯಾದಾಗ ಬರೆಸಿದ್ದು ಪಾಲುಪತ್ರ. ತಾನು ಸತ್ತ ಮೇಲೆ ಆಸ್ತಿ ಯಾರಿಗೆ ಎಂದು ಬರೆದಿಟ್ಟಿದ್ದು ಉಯಿಲು. ಜಮೀನಿನ ಲೆಕ್ಕಕ್ಕೆ ಮಾತ್ರ ನಾವು ಇವನ್ನು ತೆಗೆದು ನೋಡುತ್ತೇವೆ. ಆದರೆ ಇವುಗಳಲ್ಲಿ ಮನೆಯ ಸಾಮಾನಿನ ಪಟ್ಟಿಯೂ ಇರುವುದುಂಟು. ಹಿಂದಿನವರು ಏನು ಉಣ್ಣುತ್ತಿದ್ದರು ಅನ್ನೋದನ್ನು ಆ ಪಟ್ಟಿ ಹೇಳುತ್ತೆ.

ಸಾಮಾನು ಹೇಳುವ ಮಾತು

ಪಟ್ಟಿಯಲ್ಲಿ ರಾಗಿಕಲ್ಲು ಇದೆಯೇ? ಆ ಮನೆಯಲ್ಲಿ ಹಿಟ್ಟು ಬೀಸಿ ಮುದ್ದೆ ಮಾಡುತ್ತಿದ್ದರು. ಶಾವಿಗೆ ಒರಳು ಇದೆಯೇ? ಹಬ್ಬಕ್ಕೆ ಶಾವಿಗೆ ಒತ್ತುತ್ತಿದ್ದರು. ದೊಡ್ಡ ಕೊಪ್ಪರಿಗೆ ಇದ್ದರೆ ಮದುವೆ, ತಿಥಿಗೆ ಊರಿಗೆಲ್ಲ ಊಟ ಹಾಕುತ್ತಿದ್ದರು. ಹುಣಸೆಮರ ಹಂಚಿದ್ದರೆ ಸಾರಿನ ಹುಳಿ ಅದರದ್ದೇ.

ಕೆಲವು ಮನೆಗಳಿಗೆ ಹಗೇವು ಇತ್ತು. ಹಗೇವು ಅಂದರೆ ನೆಲದೊಳಗಿನ ಕಣಜ. ರಾಗಿಗೆ ಬೇಗ ಹುಳ ಬೀಳೋದಿಲ್ಲ. ಹಗೇವಿನಲ್ಲಿ ಅದು ವರ್ಷಗಟ್ಟಲೆ ಇರುತ್ತೆ. 1876ರಿಂದ 1878ರವರೆಗೆ ಭಾರಿ ಬರ ಕಂಡ ಸೀಮೆ ಇದು. ಮಳೆ ಹೋದ ವರ್ಷ ಕೂಡಿಟ್ಟ ರಾಗಿಯೇ ಜೀವ ಉಳಿಸಬೇಕಿತ್ತು.

ಬರೆಯದೆ ಬಿಟ್ಟದ್ದು

ತಾಮ್ರ, ಹಿತ್ತಾಳೆ, ಕಂಚಿಗೆ ಬೆಲೆ ಇತ್ತು. ಅವು ಪಟ್ಟಿಗೆ ಸೇರಿದವು. ಮಣ್ಣಿನ ಮಡಕೆ, ಮೊರ, ಮುದ್ದೆ ಕೋಲನ್ನು ಯಾರು ಬರೆಸುತ್ತಾರೆ? ದಿನಾ ಅಡುಗೆಗೆ ಬೇಕಾದವು ಅವೇ. ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸಿದ ಹೆಣ್ಣಿನ ದುಡಿಮೆಗೂ ಪಟ್ಟಿಯಲ್ಲಿ ಜಾಗ ಇಲ್ಲ.

ಅಮ್ಮನ ರಾಗಿ

ಗಂಡ ಸತ್ತ ತಾಯಿಗೆ ಜೀವನಾಂಶ ಅಂತ ಕಾಳು ಕೊಡುವ ರೂಢಿ ಇತ್ತು. "ವರ್ಷಕ್ಕೆ 12 ಕೊಳಗ ರಾಗಿ" ಎಂದು ಬರೆದಿದೆ ಅಂದುಕೊಳ್ಳೋಣ. ತಿಂಗಳಿಗೆ 1 ಕೊಳಗ ಆಯಿತು. ಆದರೆ ಯಾರ ಮನೆಯ ಕೊಳಗ? ಕೊಳಗದ ಅಳತೆ ಊರಿಂದೂರಿಗೆ ಬೇರೆ ಇತ್ತು. ಕಿಲೋ, ಲೀಟರ್ ಕಾಯ್ದೆ ಬಂದದ್ದು 1956ರಲ್ಲಿ. ಉಪ್ಪು, ಮೆಣಸಿನಕಾಯಿ, ಎಣ್ಣೆ, ಸೌದೆ ಕೊಡೋರು ಯಾರು? ಬರೆಯದಿದ್ದರೆ ಅದಕ್ಕಾಗಿ ತಾಯಿ ಸೊಸೆಯ ಮುಖ ನೋಡಬೇಕು. ಓದಲು ಬಾರದ ತಾಯಿ ಹೆಬ್ಬೆಟ್ಟು ಒತ್ತಿದಳು. ಒಂದು ಸಾಲಿನ ಮೇಲೆ ಅವಳ ಹೊಟ್ಟೆ ನಿಂತಿತ್ತು.

ಈಗ ನಮ್ಮ ಸರದಿ

1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ತಂದಿತು. ಪಾಲಾಗುವಾಗ ತಾಯಿಗೂ ಪಾಲು ಎಂದಿತು. 2005ರ ತಿದ್ದುಪಡಿಯಿಂದ ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಉಯಿಲನ್ನು ಬಿಳಿ ಹಾಳೆಯಲ್ಲೂ ಬರೆಯಬಹುದು. ಬರೆಸಿದವರ ಸಹಿ ಬೇಕು. ಇಬ್ಬರು ಸಾಕ್ಷಿಗಳ ಸಹಿ ಬೇಕು.

ಅಕ್ಕತಂಗಿಯರೇ, ಈಗ ನಮಗೆ ಓದು ಬಂದಿದೆ. ಯಾವ ಪತ್ರ ಮುಂದೆ ಬಂದರೂ ಪೂರ್ತಿ ಓದೋಣ. ಏನು, ಎಷ್ಟು, ಯಾವ ಅಳತೆ, ಯಾರು ಕೊಡಬೇಕು? ಇವು ನಾಲ್ಕೂ ಇದ್ದರೆ ಮಾತ್ರ ಸಹಿ ಹಾಕೋಣ.

ಮಾಡಿ ನೋಡಿ

1. ನಿಮ್ಮ ಅಡುಗೆಮನೆಯ 10 ಸಾಮಾನಿನ ಹೆಸರು ಬರೆಯಿರಿ.
2. ಅವು ಯಾರಿಂದ ಬಂದವು? ಪಕ್ಕದಲ್ಲಿ ಬರೆಯಿರಿ.
3. ಅಜ್ಜಿ ಮಾಡುತ್ತಿದ್ದ, ಈಗ ಯಾರೂ ಮಾಡದ ಅಡುಗೆ ಯಾವುದು? ಮಾಡುವ ಬಗೆಯನ್ನು ಕೇಳಿ ಬರೆದಿಡಿ.